ಊದುಬತ್ತಿ ವ್ಯಾಪಾರಿಯ ಉಸಿರಿನ ಪೈಪು

"ಉಸ್ತಾದ್ರೇ, ಉಸಿರಾಡೋಕೂ ಮೆಷಿನ್ ಬೇಕು ಅನ್ನೋನು ಗಂಡಸಾ?"

ಕೇಳಿದ್ದು ಕಾಳಿಂಗಯ್ಯ. ಒಂದು ಕಾಲದಲ್ಲಿ ಈ ಗರಡಿಗೆ ಹೆಸರು ತಂದ ಪೈಲ್ವಾನ. ಈಗ ಐವತ್ತು ದಾಟಿದೆ, ಹೊಟ್ಟೆ ಮುಂದೆ ಬಂದಿದೆ. ಮಾತು ಮುಗಿಯೋ ಹೊತ್ತಿಗೆ ಕೆಮ್ಮು ಬಂತು. ಕೆಮ್ಮಿ ಸುಧಾರಿಸಿಕೊಂಡು, "ನಂಗಲ್ಲ, ನನ್ ಸ್ನೇಹಿತ ಒಬ್ಬ ಕೇಳ್ದ" ಅಂತ ಸೇರಿಸಿದ.

ಸ್ನೇಹಿತ ಗಿಹಿತ ಯಾರೂ ಇರಲಿಲ್ಲ. ನಿದ್ದೇಲಿ ಕಟ್ಟಿಹೋಗ್ತಿದ್ದದ್ದು ಅವನದೇ ಉಸಿರು. ಡಾಕ್ಟರು ಸಿಪ್ಯಾಪ್ ಅನ್ನೋ ಮೆಷಿನ್ ಕೊಟ್ಟಿದ್ರು. ಮೂಗಿಗೆ ಮಾಸ್ಕು, ಮಾಸ್ಕಿಗೆ ಪೈಪು, ಪೈಪಿನ ತುಂಬ ಗಾಳಿ. ರಾತ್ರಿ ಹಾಕಿಕೊಂಡು ಮಲಗಿ, ಹಗಲು ಅದನ್ನ ಬೀರುವಿನಲ್ಲಿ ಹೆಂಡತಿಯ ಸೀರೆಗಳ ಹಿಂದೆ ಬಚ್ಚಿಡ್ತಿದ್ದ. ತೊಳೆದರೆ ಒಣಗಿಸಬೇಕು, ಒಣಗಿಸಿದರೆ ಯಾರಾದ್ರೂ ನೋಡ್ತಾರೆ. ಹಾಗಾಗಿ ನಾಲ್ಕು ತಿಂಗಳಿಂದ ತೊಳೆದೇ ಇರಲಿಲ್ಲ. ಪೈಪು ನಾರ್ತಿತ್ತು, ಎದೆ ಕಟ್ಟಿತ್ತು. ನಾಳೆ ಮೆಷಿನ್ನೇ ವಾಪಸ್ ಕೊಟ್ಟುಬಿಡೋದು ಅಂತ ಗಟ್ಟಿಮಾಡಿಕೊಂಡಿದ್ದ. ಬಿಟ್ಟರೆ ಒಂದಿನ ಮಲಗಿದೋನು ಏಳಲ್ಲ ಅಂತ ಡಾಕ್ಟರು ಹೇಳಿದ್ದು ನೆನಪಿತ್ತು. ಹೋದರೆ ಹೋಗಲಿ, ಪೈಲ್ವಾನನಾಗೇ ಹೋಗ್ತೀನಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಉಸ್ತಾದ್ ಮಾಯಣ್ಣನಿಗೆ ಎಂಬತ್ತಮೂರು. ಅವನ ಬಾಯಿಗೆ ಬಿದ್ದ ಇಲಿ ಹುಲಿಯಾಗಿ ಹೊರಗೆ ಬರ್ತಿತ್ತು. ಬಗ್ಗಿ, ಕುಸ್ತಿ ಆಡೋ ಮಟ್ಟಿಯ ಕೆಂಪು ಮಣ್ಣು ಒಂದು ಹಿಡಿ ಎತ್ತಿಕೊಂಡ. ಕುಸ್ತಿಯವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

"ಈ ಮಣ್ಣಿನಾಣೆ ಕಣ್ಲಾ. ಈ ಸಲ ಹೇಳೋದು ಒಂದೊಂದಕ್ಷರಾನೂ ನಿಜ."

"ಹೋದ್ಸಲಾನೂ ಆಣೆ ಇಟ್ಟಿದ್ರಿ."

"ಹೋದ್ಸಲ ಮಣ್ಣು ಒದ್ದೆ ಇತ್ತು. ಒದ್ದೆ ಮಣ್ಣಿನಾಣೆ ನಿಲ್ಲಲ್ಲ. ಸುಮ್ನೆ ಕೇಳು."

ಉಸ್ತಾದ್ ಹೇಳಿದ ಕತೆ ಇದು.

ಒಂದೂರಲ್ಲಿ ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಮೂಗೇ ಅವನ ಬಂಡವಾಳ. ಗಂಧದ ಚಕ್ಕೆ ಮೂಸಿ, ಇದು ಯಾವ ಬೆಟ್ಟದ್ದು, ಮರ ಕಡಿದೋನು ಬೆಳಿಗ್ಗೆ ಏನು ತಿಂದಿದ್ದ ಅನ್ನೋದನ್ನೂ ಹೇಳೋನು. ಮಲಗಿ ಗೊರಕೆ ಹೊಡೆದರೆ ಮೃಗಾಲಯದ ಸಿಂಹಗಳು ನಮ್ಮೋರೇ ಯಾರೋ ಕೂಗ್ತಾವ್ರೆ ಅಂತ ಓಗೊಡೋವು. ಆ ಗೊರಕೆಯ ಮಧ್ಯದಲ್ಲಿ ಉಸಿರು ನಿಂತುಹೋಗೋದು. ಡಾಕ್ಟರು ಮೆಷಿನ್ ಕೊಟ್ಟರು. ಪಕ್ಕದಲ್ಲಿದ್ದ ನರ್ಸಮ್ಮ, "ಮಾಸ್ಕು ದಿನಾ ತೊಳೀರಿ ಯಜಮಾನ್ರೇ. ಪೈಪು ವಾರಕ್ಕೊಂದ್ಸಲ. ಉಗುರುಬೆಚ್ಚನೆ ನೀರು, ಚೂರು ಸೋಪು. ನೀರೆಲ್ಲ ಕೊಡವಿ ನೇತುಹಾಕಿ" ಅಂದಳು.

ವ್ಯಾಪಾರಿ ತಲೆಯಾಡಿಸಿದ. ಮನೆಗೆ ಬಂದು ನೇತುಹಾಕೋ ಜಾಗ ಹುಡುಕಿದ. ಮಹಡಿ ಮೇಲೆ ಹಗ್ಗ ಇತ್ತು. ಹಗ್ಗದ ಎದುರಿಗೆ ಇಡೀ ಬೀದಿ ಇತ್ತು. ಇಂಥಾ ಮೂಗಿನ ಯಜಮಾನ, ಆ ಮೂಗಿಗೇ ಪೈಪು ಸಿಕ್ಕಿಸಿಕೊಂಡು ಮಲಗ್ತಾನೆ ಅಂತ ಊರಿಗೆ ಗೊತ್ತಾದರೆ? ಅವನು ತೊಳೀಲಿಲ್ಲ.

ತಿಂಗಳಾಯ್ತು. ಪೈಪು ನಾರೋಕೆ ಶುರುವಾಯ್ತು. ವಾಸನೆ ಓಡಿಸೋದು ಅವನ ಕಸುಬು ತಾನೇ? ಗಾಳಿಗೆ ತೇವ ಕೊಡೋಕೆ ಮೆಷಿನ್ನಲ್ಲಿದ್ದ ನೀರಿನ ಡಬ್ಬಿಗೆ ಎರಡು ತೊಟ್ಟು ಗಂಧದೆಣ್ಣೆ ಬಿಟ್ಟ. ಹಾಯಾಗಿತ್ತು. ಮಾರನೇ ವಾರ ಸಾಲದಾಯ್ತು, ಮಲ್ಲಿಗೆ ಬಿಟ್ಟ. ಆಮೇಲೆ ಕೇದಗೆ. ಒಳಗಿನ ಕೊಳೆ ಅಲ್ಲೇ ಇತ್ತು, ಅದರ ಮೇಲೆ ದಿನಕ್ಕೊಂದು ಹೂವು. ಮೂರನೇ ತಿಂಗಳಿಗೆ ಎದೆ ಗೊರಗೊರ ಅಂತು. ಮೂಗು ಕಟ್ಟಿತು.

ಒಂದಿನ ಅಂಗಡಿ ತುಂಬ ಜನ. ಹೆಂಗಸೊಬ್ಬಳು ಬತ್ತಿಯ ಹೊಗೆ ಹಿಡಿದು, "ಇದ್ಯಾವ್ದು ಹೇಳಿ ನೋಡೋಣ, ನಿಮ್ಮ ಮೂಗಿನ ಪರೀಕ್ಷೆ" ಅಂತ ತಮಾಷೆ ಮಾಡಿದಳು. ವ್ಯಾಪಾರಿ ಕಣ್ಣು ಮುಚ್ಚಿ ಎಳೆದುಕೊಂಡ. ಏನೂ ಬರಲಿಲ್ಲ. ಇನ್ನೊಂದು ಸಲ ಎಳೆದುಕೊಂಡ. "ಮಲ್ಲಿಗೆ" ಅಂದ. "ಒಳ್ಳೇ ಜಾತಿ ಮಲ್ಲಿಗೆ."

ಯಾರೂ ನಗಲಿಲ್ಲ. ಅವನು ಕಣ್ಣು ಬಿಟ್ಟ. ಅದು ಸೊಳ್ಳೆಬತ್ತಿ.

ಇಲ್ಲಿಗೆ ಬಂದಾಗ ಉಸ್ತಾದ್ ಸ್ವಲ್ಪ ತಡೆದ, ಶಿಷ್ಯ ನಗಲಿ ಅಂತ. ಕಾಳಿಂಗಯ್ಯ ನಗಲಿಲ್ಲ. ಕಾಲ ಹೆಬ್ಬೆರಳು ನೋಡ್ತಾ ಕೂತಿದ್ದ. ಸೀರೆಗಳ ಹಿಂದಿನ ಆ ಪೈಪಿಗೆ ಹೋದ ವಾರ ತಾನೇ ಪೌಡರ್ ಉದುರಿಸಿದ್ದು ಕಣ್ಣ ಮುಂದೆ ಬಂತು.

ವ್ಯಾಪಾರಿ ಅಂಗಡಿ ಬಾಗಿಲು ಎಳೆದುಕೊಂಡು ಮನೆಗೆ ಬಂದ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಪೈಪಿಗೆ ಸೋಪಿನ ನೀರು ತುಂಬಿ, ಎರಡೂ ತುದಿ ಹಿಡಿದು ತೊಟ್ಟಿಲು ತೂಗೋ ಹಾಗೆ ಆ ಕಡೆ ಈ ಕಡೆ ತೂಗಿದ. ಕರೀ ನೀರು ಬಂತು. ಇದನ್ನೇನಾ ನಾನು ಇಷ್ಟು ದಿನ ಉಸಿರಾಡಿದ್ದು ಅಂತ ಅಳು ಬಂತು. ಅಳ್ತಾನೇ ತುಂಬಿದ, ಅಳ್ತಾನೇ ಚೆಲ್ಲಿದ. ನೀರು ತಿಳಿಯಾಗೋ ತನಕ ಬಿಡಲಿಲ್ಲ.

"ಆಮೇಲೆ?" ಅಂದ ಕಾಳಿಂಗಯ್ಯ.

"ಆಮೇಲೇನು, ಮಹಡಿ ಹತ್ತಿ ಹಗ್ಗಕ್ಕೆ ಹಾಕೇಬಿಟ್ಟ. ಎಂಥಾ ಪೈಪು ಅಂತೀಯ! ಹದಿನೇಳಡಿ. ಒಂದು ತುದಿ ಹಗ್ಗದ ಮೇಲೆ, ಇನ್ನೊಂದು ತುದಿ ಬೀದೀಲಿ ಹೋಗೋರ ತಲೆಗೆ ತಾಗೋದು. ಮಟಮಟ ಮಧ್ಯಾಹ್ನ. ಕಾದ ಬಿಸಿಲಲ್ಲಿ ನೋಡ್ತಾ ನೋಡ್ತಾ ಹಪ್ಪಳದ ಹಂಗೆ ಗರಿಗರಿ ಒಣಗಿ—"

"ಸುಳ್ಳು!" ಕಾಳಿಂಗಯ್ಯ ಎದ್ದೇಬಿಟ್ಟ. "ಮಣ್ಣು ಮುಟ್ಟಿ ಇಂಥಾ ಹಸೀ ಸುಳ್ಳಾ ಉಸ್ತಾದ್ರೇ? ಪೈಪು ಇರೋದೇ ಆರಡಿ! ಬಿಸಿಲಿಗೆ ಹಾಕಲೇಬಾರದು, ಬಿರುಕು ಬಿಡುತ್ತೆ. ನೆರಳಲ್ಲಿ ಹಾಕ್ಬೇಕು, ಎರಡೂ ಬಾಯಿ ಕೆಳಗೆ ಬರೋ ಹಂಗೆ. ಒಳಗಡೆ ಪೂರ್ತಿ ಆರೋಕೆ ಅರ್ಧ ದಿನ ಬೇಕು, ಇಲ್ದಿದ್ರೆ ಮತ್ತೆ ಬೂಷ್ಟು..."

ಪೈಪಿನ ಉದ್ದ ತೋರಿಸೋಕೆ ಚಾಚಿದ ಕೈ ಎರಡೂ ಹಾಗೇ ಗಾಳೀಲಿ ನಿಂತವು. ಸ್ನೇಹಿತನ ನೆಪವೇ ಮರೆತುಹೋಗಿತ್ತು.

ಉಸ್ತಾದ್ ಕತೆಯನ್ನ ಅಲ್ಲಿಗೇ ಬಿಟ್ಟು, ಅವನ ಮುಖಾನೇ ನೋಡಿ ಕೇಳಿದ:

"ಇಷ್ಟೆಲ್ಲ ಗೊತ್ತಿದ್ದೂ ಯಾಕ್ಲಾ ತೊಳೀಲಿಲ್ಲ?"