ತಮ್ಮಣ್ಣನ ಕಾರಿಗೆ ಚೇಂಜರ್ ಹಾಕಿಸಿದ ಕತೆ

“ಹಾಡು ಮುಗಿಯೋದ್ರೊಳಗೆ ಬಂದ್ಬಿಡ್ತೀನಿ. ನೀವು ಕಾರಲ್ಲೇ ಕೂತಿರಿ.”

ಹಂಗಂದು ಕೆಂಚಮ್ಮ ಇಳಿದಳು. ಆಸ್ಪತ್ರೆ ಒಳಗೆ ಹೋದಳು. ಗಂಡ ತಮ್ಮಣ್ಣ ಕಾರಲ್ಲೇ ಕೂತ. ಕಾರಿನ ಸ್ಟೀರಿಯೋ ಹಾಡ್ತಾ ಇತ್ತು.

ಇದು ಒಂದಾನೊಂದು ಊರಿನಲ್ಲಿ ನಡೆದದ್ದು ಕಣ್ರಪ್ಪ. ಆ ಊರಲ್ಲಿ ಗಡಿಯಾರ ಇರಲಿಲ್ಲ. ಟಿಕ್ ಟಿಕ್ ಕೇಳಿದರೆ ರಾಜನಿಗೆ ಅನ್ನ ಅರಗುತ್ತಿರಲಿಲ್ಲ. ಎಲ್ಲಾ ಗಡಿಯಾರ ಹೂಳಿಸಿಬಿಟ್ಟಿದ್ದ. ಹೊತ್ತು ಅಳೆಯೋದು ಹಾಡಿನಲ್ಲಿ. ಹಾಲು ಕಾಯೋಕೆ ಎರಡು ಹಾಡು. ಸಂತೆಗೆ ಹೋಗಿಬರೋಕೆ ಒಂಬತ್ತು. ಹಾಡು ಮುಗಿಯೋದ್ರೊಳಗೆ ಬರ್ತೀನಿ ಅಂದವರು ಬರದಿದ್ದರೆ, ಸತ್ತರು ಅಂತ ರಾಜನೇ ಬಂದು ತಮಟೆ ಬಡಿದು ಸಾರುತ್ತಿದ್ದ. ಸಾರಿದ ಮೇಲೆ ಸತ್ತದ್ದೇ ಸೈ. ಹಾಡಿನ ಹಿಂದೆ ಇನ್ನೊಂದು ಹಾಡು ಕಾಯ್ತಾ ಇದ್ದರೆ ಮಾತ್ರ ಮುಗಿದ ಹಾಗಲ್ಲ.

ಕೆಂಚಮ್ಮ ಬರಲಿಲ್ಲ. ರಾಜ ತಮಟೆ ತಗಂಡು ಬಂದ. ಕಾರಿನ ಗಾಜಿಗೆ ಕಿವಿ ಇಟ್ಟ.

“ಮುಗೀತಾ?”

“ಇಲ್ಲ ಸ್ವಾಮಿ.”

ಹಾಡು ಮುಗೀಬಾರದಲ್ಲ, ತಮ್ಮಣ್ಣ ಮೆಕ್ಯಾನಿಕ್ ಹುಸೇನಪ್ಪನನ್ನು ಕೂಗಿದ. ಹುಸೇನಪ್ಪ ಆರು ಸೀಡಿ ಹಿಡಿದು ಒಂದಾದ ಮೇಲೊಂದು ತಾನೇ ಹಾಕೋ ಚೇಂಜರ್ ತಂದು ಡಿಕ್ಕಿಯಲ್ಲಿಟ್ಟ.

ಸ್ಟೀರಿಯೋಗೆ ಸಿಟ್ಟು ಬಂತು. “ನಾನು ಕಾರ್ಖಾನೇಲಿ ಕಾರಿನ ಜೊತೇಲೇ ಹುಟ್ಟಿದವನು. ಒಂದು ಬಾಯಿ, ಒಂದು ಸೀಡಿ. ಡಿಕ್ಕೀಲಿ ಮಲಗಿದವನು ಹಾಡಿದ್ದಕ್ಕೆ ನಾನು ಬಾಯಿ ತೆಗೀಬೇಕಾ?”

“ಮತ್ತೆ ನಿನ್ನ ಬೆನ್ನಲ್ಲಿ ವೈರಿನ ತೂತು ಯಾಕೆ ಬಿಟ್ಟವ್ರೆ? ಗಾಳಿಗಾ?” ಅಂದ ಹುಸೇನಪ್ಪ.

ಸ್ಟೀರಿಯೋ ಮುಖ ತಿರುಗಿಸಿ ಬೆನ್ನು ಕೊಟ್ಟಿತು.

ಡಿಕ್ಕಿಯಿಂದ ಸ್ಟೀರಿಯೋಗೆ ವೈರು ಕೆಂಚಮ್ಮನ ಸೀಟಿನ ಕೆಳಗೆ ಹೋಗಬೇಕು. “ಒಸಿ ಏಳಪ್ಪ,” ಅಂದ ಹುಸೇನಪ್ಪ ಸೀಟಿಗೆ.

“ಏಳಲ್ಲ. ಆಯಮ್ಮನ ಜಾಗ ಹಿಡಿದಿದ್ದೀನಿ.”

ಎಳೆದರು. ಬೈದರು. ಸೀಟು ಏಳಲಿಲ್ಲ. ಕೊನೆಗೆ ವೈರನ್ನು ತಮ್ಮಣ್ಣನ ಅಂಗಿ ತೋಳಿನಲ್ಲಿ ತೂರಿಸಿ, ಗುಂಡಿ ತೂತುಗಳಲ್ಲಿ ಹಾಯಿಸಿ ಮುಂದಕ್ಕೆ ತಂದರು.

“ಅಣ್ಣ, ಇನ್ನು ನೀನು ಇಳಿದರೆ ಹಾಡು ಕಿತ್ತು ಬರ್ತದೆ.”

“ಯಾಕೆ ಇಳೀಲಿ? ಕೂತಿರಿ ಅಂದವಳೆ.”

ಆರು ಸೀಡಿ ಆಯಿತು. “ಮುಗೀತಾ?” “ಇಲ್ಲ ಸ್ವಾಮಿ.” ಚೇಂಜರಿನ ಬಾಲಕ್ಕೆ ಇನ್ನೊಂದು ಚೇಂಜರ್ ಕಟ್ಟಿದರು. ಅದರ ಬಾಲಕ್ಕೆ ಇನ್ನೊಂದು. ಸಾಲು ಕೆರೆ ದಾಟಿತು. ಸೋಬಾನೆ ಪದ ಆದವು. ಜೋಗುಳ ಆದವು. ಬಸ್ ಸ್ಟ್ಯಾಂಡಿನವನು ಕೂಗಿದ್ದು, ಯಾರೋ ಕೆಮ್ಮಿದ್ದು, ಅವನ್ನೂ ಹಾಡು ಅಂತ ಹಾಕಿದರು. “ಮುಗೀತಾ?” “ಇಲ್ಲ ಸ್ವಾಮಿ.”

ಸ್ಟೀರಿಯೋ ಗಂಟಲು ಒಡೆಯಿತು. “ತಮ್ಮಣ್ಣ, ಇದೇ ಕೊನೇದು. ನಂಗೂ ಸಾಕಾಯ್ತು.”

“ನಂಗೂ,” ಅಂದ ತಮ್ಮಣ್ಣ. “ಅರ್ಧಕ್ಕೆ ನಿಲ್ಲಿಸಿಬಿಡು.”

ನಿಂತಿತು.

“ಮುಗೀತಾ?”

“ಇಲ್ಲ ಸ್ವಾಮಿ. ಇನ್ನರ್ಧ ಒಳಗೇ ಕಾಯ್ತಾ ಇದೆ.”

ರಾಜ ತಲೆ ಕೆರೆದುಕೊಂಡ. ಹೌದಲ್ಲ ಅಂದ. ತಮಟೆ ಬಗಲಲ್ಲಿಟ್ಟುಕೊಂಡು ಹೋದ.

ನೀತಿ ಬೇಕಾ? ಚೇಂಜರ್ ಹಾಕಿಸೋರು ಮೊದಲು ಸೀಟನ್ನ ಕೇಳಿ. ಅಷ್ಟೆ.

ಮಾರನೆ ಬೆಳಿಗ್ಗೆ ತಮ್ಮಣ್ಣ ಗುಂಡಿ ತೂತುಗಳಿಂದ ವೈರು ಬಿಡಿಸಿಕೊಂಡು ಇಳಿದ. ಕೆಂಚಮ್ಮನ ಕಡೆ ಬಾಗಿಲಿಗೆ ಲಾಕ್ ಹಾಕಲಿಲ್ಲ. ನಡೆದೇ ಮನೆಗೆ ಹೋದ. ಹಾಲು ಒಲೆ ಮೇಲಿಟ್ಟ. ಹಾಡಬೇಕಲ್ಲ, ಹಾಡಿದ. ಕಾರಲ್ಲಿ ಅರ್ಧಕ್ಕೆ ನಿಂತ ಹಾಡೇ ಬಾಯಿಗೆ ಬಂತು. ಅರ್ಧಕ್ಕೆ ಬಾಯಿ ಮುಚ್ಚಿಕೊಂಡ. ಹಾಲು ಬೆಚ್ಚಗೂ ಆಗಿರಲಿಲ್ಲ. ಹಾಗೇ ಇಳಿಸಿಕೊಂಡು ಕುಡಿದ.