ಕಲ್ಲಾಗಿ ಕೂತ ಸೀಲ್ ಮರಿ

ಹುಟ್ಟುವಾಗಲೇ ಮೈಯೆಲ್ಲ ನರೆ. ತಿಂಗಳು ತುಂಬುವುದರೊಳಗೆ ಆ ನರೆಯೆಲ್ಲ ಉದುರಿ ಹೋಗುತ್ತೆ. ಯಾರು ಹೇಳಿ ನೋಡೋಣ? ತಲೆಗೆ ಬಣ್ಣ ಹಚ್ಚುವ ನಿಮ್ಮಜ್ಜ ಅಲ್ಲ. ಬಿಡಿ, ನಿಮಗೆ ಗೊತ್ತಾಗಲ್ಲ. ನನಗೂ ಗೊತ್ತಿರಲಿಲ್ಲ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಬಸ್ತ್ಯಾಂವ್ ಮಾಮ ಬಸ್ಸಿನಲ್ಲಿ ಹೇಳಿದ ಕಥೆ ಇದು.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ದೂರದ ಚಳಿ ದೇಶದ ಕಡಲಿನಲ್ಲಿ ಸೀಲ್ ಅನ್ನುವ ಪ್ರಾಣಿಗಳಿದ್ದವು. ಮುಖ ನಾಯಿಯದು, ಕೈಕಾಲಿನ ಜಾಗದಲ್ಲಿ ಮೀನಿನ ರೆಕ್ಕೆ. ಚಳಿಗಾಲ ಬಂತೆಂದರೆ ಅಮ್ಮಂದಿರೆಲ್ಲ ದಡಕ್ಕೆ ಬಂದು ಮರಿ ಹಾಕೋರು. ಆಗ ಅಮ್ಮನೂ ಬೂದು, ಮರಿಯೂ ಬೂದು, ದಡದ ಕಲ್ಲೂ ಬೂದು.

ಅಲ್ಲಿ ದುಂಡ ಅಂತ ಒಂದು ಮರಿ. ಈಜು ಬಾರದು, ಚೇಷ್ಟೆ ಮಾತ್ರ ಚೆನ್ನಾಗಿ ಬರುತ್ತೆ. ಒಂದು ದಿನ ಅಮ್ಮ ನೀರಿಗಿಳಿದು ಬರುವಷ್ಟರಲ್ಲಿ ಅವನು ನೀರಂಚಿನ ಕಲ್ಲುಗಳ ನಡುವೆ ತೆವಳಿ, ಮೂತಿ ಮುದುರಿ, ಕಲ್ಲಾಗಿ ಕೂತ.

"ದುಂಡಾ, ಎಲ್ಲಿದ್ದೀಯೋ?"

ದುಂಡ ಉಸಿರು ಬಿಡಲಿಲ್ಲ.

ಅಮ್ಮ ಒಂದು ಕಲ್ಲನ್ನೇ ಮಗ ಅಂದುಕೊಂಡು ಒತ್ತಿ ಮಲಗಿದಳು. "ಕುಡಿಯೋ ಕಂದ. ಮುನಿಸಾ? ಕುಡಿಯೋ."

ಕಲ್ಲು ಕುಡಿಯಲಿಲ್ಲ. ದುಂಡ ಒಳಗೊಳಗೇ ನಕ್ಕ.

"ಯಾಕೋ ಮೈ ಇಷ್ಟು ತಣ್ಣಗಿದೆ? ನಿನ್ನ ಬಿಟ್ಟು ಹೋಗಿದ್ದು ತಪ್ಪಾಯ್ತು ಮಗಾ. ಒಂದು ಸಲ ಕೂಗೋ."

ಅಮ್ಮನ ಕಣ್ಣೀರು ಕಲ್ಲಿನ ಮೇಲೆ ಇಳಿಯಿತು. ದುಂಡನ ನಗು ಅಲ್ಲೇ ನಿಂತಿತು. "ಅಮ್ಮಾ, ನಾನಿಲ್ಲಿ" ಅನ್ನೋಕೆ ಬಾಯಿ ತೆರೆದ. ಅಷ್ಟರಲ್ಲಿ ಅಲೆ ಬಂತು. ಬಾಯಿ ತುಂಬ ಉಪ್ಪುನೀರು.

ಅರ್ಧ ಕೂಗು ಕೇಳಿ ಅಮ್ಮ ತಿರುಗಿದಳು. ಬೂದು ನೀರು, ಬೂದು ಕಲ್ಲು. ಮಗ ಯಾವುದು? ಇನ್ನೊಂದು ಅಲೆ ಬಂದರೆ ದುಂಡ ಇಲ್ಲ.

"ಗಾಳಿಯಣ್ಣಾ, ನನ್ನ ಮಗನ್ನ ತೋರಿಸೋ!"

"ತೋರಿಸೋಕೆ ನನಗೆ ಬೆರಳಿಲ್ಲ ತಾಯಿ" ಅಂದ ಗಾಳಿಯಣ್ಣ ಓಡಿಹೋಗಿ ಹಿಮವನ್ನು ಕರೆತಂದ.

"ಎಲ್ಲ ಒಂದೇ ಥರ ಕಾಣ್ತವಲ್ಲಣ್ಣ, ಯಾರ ಮೇಲೆ ಬೀಳಲಿ?" ಹಿಮ ಕೇಳಿತು.

"ನಡುಗುವವನ ಮೇಲೆ ಬೀಳು. ಕಲ್ಲು ನಡುಗಲ್ಲ."

ಹಿಮ ದುಂಡನ ಮೇಲೆ ಬಿದ್ದು, ಮೈಗಂಟಿ, ಬೆಳ್ಳನೆಯ ತುಪ್ಪಳವಾಯಿತು. "ಈಜು ಕಲಿಯೋ ತನಕ ಹೊದ್ದುಕೋ ಮರಿ" ಅಂದಿತು.

ಅಮ್ಮ ಆ ಬಿಳುಪಿನತ್ತ ನುಗ್ಗಿ ಅವನನ್ನು ಮೇಲಕ್ಕೆ ತಳ್ಳಿದಳು. ಮೂಗಿಗೆ ಮೂಗು ತಾಗಿಸಿ ಮೂಸಿದಳು.

"ಕಲ್ಲಲ್ಲ ತಾನೇ?"

"ಅಲ್ಲಮ್ಮಾ. ಇನ್ನು ಯಾವತ್ತೂ ಅಲ್ಲ."

ಅದಕ್ಕೇ ಇವತ್ತಿಗೂ ಬೂದು ಸೀಲಿನ ಮರಿ ಬೆಳ್ಳಗೆ ಹುಟ್ಟುತ್ತೆ, ಅಮ್ಮ ಹಾಲು ಕೊಡುವ ಮುಂಚೆ ಮೂಗು ತಾಗಿಸಿ ನೋಡುತ್ತಾಳೆ.

ಒಂದು ನಿಜ ಹೇಳಿಬಿಡ್ತೀನಿ. ಎರಡನೇ ಅಲೆ ಬರುವ ಹೊತ್ತಿಗೆ ಮಾಮನ ಸ್ಟಾಪ್ ಬಂತು. ಬಿಳಿ ಮರಿ, ಮೂಸುವ ಅಮ್ಮ, ಇವು ಮಾಮ ಕಣ್ಣಾರೆ ಕಂಡು ನನಗೆ ಮೊದಲೇ ಹೇಳಿದ್ದು. ಹಿಮ ಸುರಿಸಿದ್ದು ನಾನು. ದುಂಡನನ್ನು ನೀರಲ್ಲೇ ಬಿಟ್ಟು ಬಸ್ಸಿಳಿಯೋಕೆ ಮಾಮನಿಗಾಯ್ತು. ನನಗಾಗಲಿಲ್ಲ.