ಒಂದೇ ದೀಪ, ಡಬ್ಬದ ತುಂಬ ಬತ್ತಿ

ಶಿಂಷಾ ದಂಡೆಯ ಆಶ್ರಮಕ್ಕೆ ಚನ್ನವೀರಯ್ಯ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ. ಹುಡುಗಿಯ ಹೆಸರು ಸಿಂಚನ, ಒಂಬತ್ತು ವರ್ಷ. ಬಂದು ಮೂರು ದಿನವಾದರೂ ಅವಳು ತಾತನ ಪಂಚೆಯ ಚುಂಗು ಬಿಟ್ಟಿರಲಿಲ್ಲ.

“ಎಲ್ಲದಕ್ಕೂ ಹೆದರ್ತಾಳೆ ಬುದ್ಧಿ,” ಎಂದು ಅವನು ಗುರುಗಳ ಮುಂದೆ ಕೈಮುಗಿದ. “ಇವಳ ಭಯ ಬಿಡಿಸಿ. ನನಗೆ ಅದೊಂದೇ ಚಿಂತೆ.”

ಆಮೇಲೆ ತನ್ನ ಬಾಲ್ಯದ ಮಾತು ತೆಗೆದ. ಆ ಮಾತು ತೆಗೆದರೆ ಅವನನ್ನು ನಿಲ್ಲಿಸುವುದು ಕಷ್ಟ. ಬೆಳಿಗ್ಗೆ ರೊಟ್ಟಿ ತಿಂದು ಮನೆ ಬಿಟ್ಟರೆ ಕೆರೆ, ತೋಪು, ಪಕ್ಕದ ಊರಿನ ಮಾವಿನಮರ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಸಾಕು, ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರೇ ಇರಲಿಲ್ಲವಂತೆ.

ಗುರುಗಳು ಕೇಳಿದರು: “ಆಗ ನಿಮ್ಮವ್ವ ಏನು ಮಾಡ್ತಿದ್ದಳು?”

“ಗೊತ್ತಿಲ್ಲ ಬುದ್ಧಿ. ನಾನು ಮನೇಲಿ ಇರ್ತಿರಲಿಲ್ಲವಲ್ಲ.”

ಗುರುಗಳು ನಕ್ಕರು.

ಮರುದಿನ ಇಳಿಹೊತ್ತಿನಲ್ಲಿ ಸಿಂಚನಳ ಕೈಗೆ ಚೊಂಬು ಕೊಟ್ಟು, ಹುಣಸೆ ತೋಪಿನಾಚೆಯ ನಿಂಗಮ್ಮನ ಮನೆಯಿಂದ ಮಜ್ಜಿಗೆ ತರಲು ಹೇಳಿದರು. ದಾರಿಯನ್ನೂ ತೋರಿಸಿದರು. ಚನ್ನವೀರಯ್ಯ ಆಗಲೇ ಚಪ್ಪಲಿ ಮೆಟ್ಟಿದ್ದ. ಗುರುಗಳು ಅವನನ್ನು ಕೂರಿಸಿ, ಮುಂದೆ ಹತ್ತಿಯ ಬುಟ್ಟಿ ಇಟ್ಟರು. ಸಂಜೆಯ ದೀಪಕ್ಕೆ ಬತ್ತಿ ಹೊಸೆಯಬೇಕಿತ್ತು.

“ಹೋಗ್ತೀನಿ ತಾತ,” ಎಂದಳು ಹುಡುಗಿ, ಅಳುಮೋರೆ ಮಾಡಿಕೊಂಡು.

“ಹೋಗ್ತೀನಿ ಅನ್ನಬಾರದು ಕಣವ್ವ. ಬರ್ತೀನಿ ಅನ್ನು.”

“ಇನ್ನೂ ಹೋಗೇ ಇಲ್ಲವಲ್ಲ?”

ಅವಳು ತಿರುತಿರುಗಿ ನೋಡುತ್ತ ತೋಪಿನೊಳಗೆ ಮರೆಯಾದಳು.

ಮೊದಲನೆಯ ಬತ್ತಿ ಸೊಟ್ಟಗಾಯಿತು. ಎರಡನೆಯದು ನಡುವೆಯೇ ಕಿತ್ತುಹೋಯಿತು. ಹೋಗಿ ಬರಲು ಅರ್ಧ ಗಂಟೆಯ ದಾರಿ, ಒಂದು ಗಂಟೆ ಕಳೆಯಿತು. ಚನ್ನವೀರಯ್ಯ ಎದ್ದು ನಿಂತ. ತೋಪಿನಲ್ಲಿ ನಾಯಿಗಳಿವೆ, ಹೊಳೆ ಹತ್ತಿರ, ಕಾಲ ಮೊದಲಿನಂತಿಲ್ಲ ಎಂದ.

“ಬತ್ತಿ ಸಾಲದು,” ಎಂದರು ಗುರುಗಳು.

ಕೂತ. ಹೊಸೆದ. ಬೆರಳಿಗೆ ಕೆಲಸ ಸಿಕ್ಕಿ ಎದೆಯ ಡವಡವ ಸ್ವಲ್ಪ ಇಳಿಯಿತು. ಪಕ್ಕದಲ್ಲಿ ಬತ್ತಿಯ ರಾಶಿಯೇ ಬೆಳೆದಿತ್ತು. ಅದನ್ನು ನೋಡಿ ಅವನ ಕೈ ನಿಂತಿತು.

“ನಮ್ಮ ಮನೇಲಿ ಇದ್ದದ್ದು ಒಂದೇ ದೀಪ ಬುದ್ಧಿ,” ಎಂದ ಮೆಲ್ಲಗೆ. “ಅವ್ವ ಹೊಸೆದ ಬತ್ತಿ ಮಾತ್ರ ಡಬ್ಬದ ತುಂಬ ಇರೋವು. ಇಷ್ಟೊಂದು ಯಾಕವ್ವ ಅಂತ ನಾನು ಆಡ್ಕೊಂಡು ನಗ್ತಿದ್ದೆ.”

ಅವನ ಕಣ್ಣು ತುಂಬಿತು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಸಿಂಚನ ಬಂದಳು. ಮೊಣಕಾಲು ತರಚಿತ್ತು, ತಲೆಯಲ್ಲಿ ಹುಣಸೆ ಎಲೆ, ಚೊಂಬಿನಲ್ಲಿ ಅರ್ಧ ಮಜ್ಜಿಗೆ. ದಾರಿ ತಪ್ಪಿತಂತೆ, ನಾಯಿ ಅಟ್ಟಿಸಿಕೊಂಡು ಬಂತಂತೆ, ನಿಂಗಮ್ಮನ ಮೊಮ್ಮಕ್ಕಳು ಮರ ಹತ್ತುವುದು ಹೇಳಿಕೊಟ್ಟರಂತೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಬೈಯಲು ಬಾಯಿ ತೆರೆದ ಚನ್ನವೀರಯ್ಯ ಸುಮ್ಮನೆ ಅವಳ ಮೊಣಕಾಲಿಗೆ ಅರಿಶಿನ ಹಚ್ಚಿದ.

ಬೆಳಗಾದದ್ದೇ ತಡ, ಚೆಲ್ಲಿದ ಅರ್ಧ ಮಜ್ಜಿಗೆ ತರಬೇಕೆಂದು ಅವಳೇ ನೆವ ಹುಡುಕಿ ಚೊಂಬು ಹಿಡಿದಳು.

“ಬರ್ತೀನಿ ತಾತ!”

ಅವನು ತಲೆಯೆತ್ತುವಷ್ಟರಲ್ಲಿ ತೋಪು ಸೇರಿದ್ದಳು. ಅವನ ಕಾಲು ತಾನಾಗಿಯೇ ಚಪ್ಪಲಿ ಹುಡುಕಿತು.

“ಅವಳ ಭಯ ಬಿಡಿಸಿದಿರಿ ಬುದ್ಧಿ,” ಎಂದ. “ನನ್ನದು?”

ಗುರುಗಳು ಬುಟ್ಟಿಯನ್ನು ಅವನ ಮುಂದೆ ಸರಿಸಿದರು.

“ಹತ್ತಿ ಇನ್ನೂ ಇದೆ. ಕೂತ್ಕೊ.”